ದ್ವೀಪನಿರ್ಜನೀಕರಣ ಮೀಮಾಂಸೆ

ಸಾರ್ವಭೌಮತ್ವವೆಂಬ ಶಬ್ದವನ್ನು ಮೂರು ಗಂಟೆಗಳ ಕಾಲ ಅರೆದು, ಕಲಸಿ, ತಟ್ಟಿ, ಕಡೆಗೆ ಬೇಯಿಸದೆಯೇ ಬಡಿಸಿದ ವಿದ್ವದ್ಗೋಷ್ಠಿಯೊಂದರಲ್ಲಿ ಕುಳಿತೆದ್ದು ಬಂದ ದಿನದಿಂದ, ಈ ವಿಷಯದಲ್ಲಿ ನಮ್ಮದೂ ಒಂದು ಶಾಸ್ತ್ರಗ್ರಂಥವಿರಲೆಂಬ ಚಪಲ ನಮಗುಂಟಾಗಿದೆ. ಇದು ಅದರ ಪೀಠಿಕೆ.

ಪ್ರಥಮತಃ ನಿವಾಸಿಲಕ್ಷಣ. ಒಂದು ನೆಲದಲ್ಲಿ ಹುಟ್ಟಿ, ಬಾಳಿ, ಅಜ್ಜಮುತ್ತಜ್ಜಂದಿರನ್ನು ಅಲ್ಲಿಯೇ ಹೂಳಿದವನು ನಿವಾಸಿಯೆಂಬುದು ಪಾಮರಮತ. ಇದಕ್ಕೆ ಅತಿವ್ಯಾಪ್ತಿದೋಷವುಂಟು, ಹಿಂದೂ ಮಹಾಸಾಗರದ ಚಾಗೋಸ್ ದ್ವೀಪದವರಿಗೂ ಇದು ಅನ್ವಯಿಸಿಬಿಡುತ್ತದೆ! ಮಾರಿಷಸ್ಸಿಗೆ ಸ್ವಾತಂತ್ರ್ಯ ಬರುವುದಕ್ಕೆ ಮೂರು ವರ್ಷ ಮೊದಲು, 1965ರಲ್ಲಿ, ಬ್ರಿಟನ್ನು 30 ಲಕ್ಷ ಪೌಂಡು ತೆತ್ತು ಈ ದ್ವೀಪಗಳನ್ನು ಅದರಿಂದ ಕತ್ತರಿಸಿ ಇಟ್ಟುಕೊಂಡಿತಷ್ಟೆ. ಅವುಗಳಲ್ಲಿ ದೊಡ್ಡದಾದ ಡಿಯೆಗೊ ಗಾರ್ಸಿಯಾ ಅಮೆರಿಕದ ಸೇನಾನೆಲೆಗೆ ಬೇಕಾಗಿತ್ತು, ಜನ ಬೇಕಾಗಿರಲಿಲ್ಲ. ಆದುದರಿಂದ ಸಿದ್ಧಾಂತವೇನೆಂದರೆ, ಗುಲಾಮರಾಗಿ ಬಂದವರ ಮೊಮ್ಮಕ್ಕಳ ಮೊಮ್ಮಕ್ಕಳಾಗಿ ತೆಂಗಿನತೋಟದಲ್ಲಿ ಕೊಬ್ಬರಿ ಸುಲಿಯುವವರು ಗುತ್ತಿಗೆಯ ಕೂಲಿಗಳೇ ಹೊರತು ನಿವಾಸಿಗಳಲ್ಲ. ಕಡಲಹಕ್ಕಿಗಳನ್ನುಳಿದು ಅಲ್ಲಿ ಮೂಲನಿವಾಸಿಗಳೇ ಇರಕೂಡದು, ಹಕ್ಕಿಗಳು ಇನ್ನೂ ಸಮಿತಿ ಕಟ್ಟಿಕೊಂಡಿಲ್ಲವೆಂದು 1966ರಲ್ಲಿ ಲಂಡನ್ನಿನ ಅಧಿಕಾರಿಯೊಬ್ಬರು ಟಿಪ್ಪಣಿ ಬರೆದರು. ಈ ಸೂತ್ರಕ್ಕೆ ನಾವು ಭಾಷ್ಯ ಬರೆಯಲಾರೆವು, ಅದು ಸ್ವಯಂಪ್ರಕಾಶ.

ನಿರ್ಜನೀಕರಣವು ಚತುರ್ವಿಧ. ನಿವರ್ತನನಿರೋಧವೆಂದರೆ, ಔಷಧಕ್ಕೆಂದು ಮಾರಿಷಸ್ಸಿಗೆ ಹೋದವರಿಗೆ ಮರಳುವ ಹಡಗಿಲ್ಲವೆನ್ನುವುದು. ಸಂಭಾರಸಂಕೋಚವೆಂದರೆ, ದಿನಸಿ ಬರುವುದನ್ನು ಕಡಿಮೆ ಮಾಡುವುದು. ನೌಕಾರೋಪಣವೆಂದರೆ, ಉಳಿದವರನ್ನು ಹಡಗಿಗೆ ಹತ್ತಿಸುವುದು. 1973ರ ಹೊತ್ತಿಗೆ ಇದು ಸಂಪೂರ್ಣ. ನಾಲ್ಕನೆಯದಕ್ಕೆ ಸಂಸ್ಕೃತದ ಹೆಸರು ಹುಡುಕುತ್ತ ಕುಳಿತೆವು, ಸಿಕ್ಕಲಿಲ್ಲ. 1971ರಲ್ಲಿ ಡಿಯೆಗೊ ಗಾರ್ಸಿಯಾದವರು ಸಾಕಿದ ನಾಯಿಗಳನ್ನೆಲ್ಲ ಹಿಡಿದು, ಕೊಬ್ಬರಿ ಒಣಗಿಸುವ ಕೊಟ್ಟಿಗೆಯೊಳಗೆ ಕೂಡಿ, ಮೋಟಾರುಗಾಡಿಗಳ ಹೊಗೆಯನ್ನು ಒಳಕ್ಕೆ ಬಿಟ್ಟು ಕೊಂದರು. ಕೊಬ್ಬರಿಗಾಗಿ ಆ ಜನವೇ ಬೆಂಕಿ ಹಾಕುತ್ತಿದ್ದ ಕೊಟ್ಟಿಗೆ. ವಿಭಾಗಕ್ರಮ ಇಲ್ಲಿಗೆ ಸಾಕು. ನಾಯಿಗೇನು, ಅದಕ್ಕೂ ಸಮಿತಿಯಿರಲಿಲ್ಲ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 2010ರಲ್ಲಿ ಬ್ರಿಟನ್ನಿನವರು ಆ ದ್ವೀಪಗಳ ಸುತ್ತಲಿನ ಕಡಲನ್ನು ಸಂರಕ್ಷಿತವೆಂದು ಸಾರಿ ಮೀನಿಗೆ ಅಭಯವಿತ್ತರು. 2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ಹದಿನಾಲ್ವರು ನ್ಯಾಯಾಧೀಶರಲ್ಲಿ ಹದಿಮೂವರು, ಬ್ರಿಟನ್ನು ತನ್ನ ಆಡಳಿತವನ್ನು ಆದಷ್ಟು ಬೇಗ ಕೊನೆಗಾಣಿಸಬೇಕೆಂದರು; ಅದೇ ವರ್ಷ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 116 ದೇಶಗಳು ಅದಕ್ಕೆ ದನಿಗೂಡಿಸಿದವು, ಆರು ಮಾತ್ರ ವಿರೋಧಿಸಿದವು. 2025ರ ಮೇ ತಿಂಗಳಲ್ಲಿ ಎರಡು ಸರ್ಕಾರಗಳು ಒಪ್ಪಂದಕ್ಕೆ ರುಜು ಹಾಕಿದವು: ಸಾರ್ವಭೌಮತ್ವ ಮಾರಿಷಸ್ಸಿಗೆ, ಸೇನಾನೆಲೆ 99 ವರ್ಷ ಬ್ರಿಟನ್ನಿನ ಕೈಯಲ್ಲಿ. ಮಾತುಕತೆಯ ಮೇಜಿನಲ್ಲಿ ಚಾಗೋಸಿನವರಿಗೆಂದು ಕುರ್ಚಿಯಿರಲಿಲ್ಲ. ಕೆಲವು ದ್ವೀಪಗಳಲ್ಲಿ ಜನ ಮರಳಿ ನೆಲೆಸಬಹುದೆಂದು ಒಪ್ಪಂದದಲ್ಲಿ ಬರೆದಿದೆ. ಆ ದ್ವೀಪಗಳಲ್ಲಿ ಡಿಯೆಗೊ ಗಾರ್ಸಿಯಾ ಸೇರಿಲ್ಲ.