ಸದ್ದಿಲ್ಲದ ಡ್ರಮ್ಮು

ವಾದ್ಯಗಳಲ್ಲಿ ಎರಡು ಬಗೆ: ಮನೆಯೊಳಗೆ ಇಟ್ಟುಕೊಳ್ಳಬಹುದಾದವು, ಊರಾಚೆ ಇಟ್ಟುಕೊಳ್ಳಬೇಕಾದವು. ಕೊಳಲು, ವೀಣೆ, ಮೋರ್ಸಿಂಗು ಮೊದಲ ಗುಂಪಿನವು. ಚಂಡೆ, ಡೊಳ್ಳು, ತಮಟೆ ಎರಡನೆಯದಕ್ಕೆ ಸೇರಿದವು. ಹಿರಿಯರಿಗೆ ಇದು ಗೊತ್ತಿತ್ತು. ಚಂಡೆಯನ್ನು ಗದ್ದೆಬಯಲಿಗೆ ಬಿಟ್ಟರು, ನಗಾರಿಯನ್ನು ದೇವಸ್ಥಾನದಲ್ಲಿಟ್ಟರು. ಯಕ್ಷಗಾನದ ಆಟ ಶುರುವಾಗುತ್ತದೆಂದು ಆಚೆ ಊರಿನವರಿಗೂ ತಿಳಿಸುವ ಕೆಲಸ ಚಂಡೆಯದೇ ಆಗಿತ್ತು. ಅದನ್ನು ಮೂರನೇ ಮಹಡಿಯ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಅಭ್ಯಾಸ ಮಾಡುತ್ತೇನೆಂದು ಯಾರೂ ಹೊರಟವರಲ್ಲ.

ನನ್ನ ಮಗಳು ಹೊರಟಿದ್ದಾಳೆ. ಚಂಡೆಯಲ್ಲ, ಡ್ರಮ್ ಸೆಟ್. ಕೈ ಬಿಟ್ಟು ಬಾರಿಸಿದರೆ ಅಸಲಿ ಡ್ರಮ್ಮಿನ ಸದ್ದು ನೂರು ಡೆಸಿಬೆಲ್ ದಾಟುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಎಂದು ಗೆರೆ ಎಳೆದಿವೆ. ನಮ್ಮ ಮಿಕ್ಸಿ ಬೆಳಗ್ಗೆ ಚಟ್ನಿ ರುಬ್ಬುವಾಗಲೇ ಈ ಲೆಕ್ಕ ತಪ್ಪುತ್ತದೆ, ನಿಜ. ಆದರೆ ಚಟ್ನಿಗೆ ಸಮಾಜದಲ್ಲಿ ಒಂದು ಗೌರವವಿದೆ.

ಆಗ ಅವಳೇ ಸಂಧಾನದ ಸೂತ್ರ ತಂದಳು. "ಅಪ್ಪಾ, ಎಲೆಕ್ಟ್ರಾನಿಕ್ ತಗೊಳ್ಳೋಣ. ಹೆಡ್‌ಫೋನ್ ಹಾಕ್ಕೊಂಡ್ರೆ ನಿಂಗೆ ಒಂಚೂರೂ ಕೇಳ್ಸಲ್ಲ."

ಕರೆಂಟಿನ ವಾದ್ಯವೆಂದರೆ ಮೂಗು ಮುರಿಯುವ ಜಾತಿ ನನ್ನದಲ್ಲ. ಎಲೆಕ್ಟ್ರಾನಿಕ್ ತಂಬೂರಿ ಹುಟ್ಟಿದ್ದೇ ನಮ್ಮ ಬೆಂಗಳೂರಿನಲ್ಲಿ. ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಎಪ್ಪತ್ತರ ದಶಕದ ಕೊನೆಗೆ ಅದನ್ನು ರೂಪಿಸಿದರು. ಇವತ್ತು ಎಷ್ಟೋ ಕಛೇರಿಗಳಲ್ಲಿ ಆ ಪುಟ್ಟ ಪೆಟ್ಟಿಗೆ ಗಾಯಕರ ಪಕ್ಕದಲ್ಲೇ ಕೂತಿರುತ್ತದೆ, ಯಾರೂ ಹುಬ್ಬೇರಿಸುವುದಿಲ್ಲ. ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಂತೂ ಪ್ಯಾಡಿನ ಮೇಲೆಯೇ ನಿಂತಿವೆ. ಜಪಾನಿನ ರೋಲ್ಯಾಂಡ್ ಕಂಪನಿ 1985ರಲ್ಲಿ ಆಕ್ಟಪ್ಯಾಡ್ ತಂದಾಗ ನಮ್ಮ ಪೆಂಡಾಲುಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಲಾರದು. ಆದರೂ ಆ ಎಂಟು ಚೌಕಗಳ ಮುಂದೆ ಒಬ್ಬನೇ ಹುಡುಗ ನಿಂತು ಢೋಲಕ್ಕು, ತಬಲ, ತಮಟೆ ಎಲ್ಲವನ್ನೂ ಹೊರಡಿಸುವುದನ್ನು ನೋಡಿ ನಾನು ಗಣಪತಿಗೆ ಬೆನ್ನು ಹಾಕಿ ನಿಂತದ್ದುಂಟು.

ಹಾಗಾಗಿ ಅಂಗಡಿಗೆ ಹೋದೆವು. ಅಂಗಡಿಯ ಹುಡುಗ ಒಂದು ಪ್ಯಾಡನ್ನು ಮಗುಚಿ ತೋರಿಸಿದ. ಒಳಗಿರುವುದು ನಾಣ್ಯದಷ್ಟಗಲದ ಒಂದು ಬಿಲ್ಲೆ. ಪೆಟ್ಟು ಬಿದ್ದಾಗ ಅದು ಅದುರಿ ಒಂದಿಷ್ಟು ವಿದ್ಯುತ್ತು ಹುಟ್ಟಿಸುತ್ತದೆ. ಪೆಟ್ಟು ಜೋರೋ ಮೆತ್ತಗೋ ಎಂದು ಅದರಿಂದಲೇ ಅಳೆದು, ಪಕ್ಕದ ಪೆಟ್ಟಿಗೆ ತನ್ನಲ್ಲಿ ಮೊದಲೇ ತುಂಬಿಟ್ಟ ಸದ್ದನ್ನು ಕಿವಿಗೆ ಬಿಡುತ್ತದೆ. 1981ರ ಸುಮಾರಿಗೆ ಬಂದ ಇಂಗ್ಲೆಂಡಿನ ಸಿಮನ್ಸ್ ಡ್ರಮ್ಮಿಗೆ ಆರು ಮೂಲೆಯ ಗಟ್ಟಿ ಫಲಕಗಳಿದ್ದವು. ಬಾರಿಸಿದವರ ಮಣಿಕಟ್ಟು ನೋಯುತ್ತಿತ್ತಂತೆ. 1997ರಲ್ಲಿ ರೋಲ್ಯಾಂಡಿನವರು ಬಲೆಯಂಥ ಬಟ್ಟೆ ಬಿಗಿದ ಪ್ಯಾಡು ತಂದ ಮೇಲೆ ಕೋಲು ಪುಟಿಯತೊಡಗಿತು, ಸದ್ದೂ ತಗ್ಗಿತು. ಈಗ ಮೂವತ್ತು ನಲವತ್ತು ಸಾವಿರದ ಸೆಟ್ಟಿನಲ್ಲೂ ಆ ಬಲೆ ಇದೆ. ಲಕ್ಷಗಟ್ಟಲೆಯವೂ ಇದ್ದವು, ಹುಡುಗ ನನ್ನ ಚಪ್ಪಲಿ ನೋಡಿ ಆ ಕಡೆಗೆ ಕರೆದೊಯ್ಯಲಿಲ್ಲ.

ಮಗಳು ಹೆಡ್‌ಫೋನ್ ಹಾಕಿಕೊಂಡು ಕೂತಳು. ಕಣ್ಣು ಮುಚ್ಚಿದಳು, ತಲೆ ತೂಗಿದಳು, ಮುಖದ ಮೇಲೆ ಇಡೀ ಕ್ರೀಡಾಂಗಣದ ಚಪ್ಪಾಳೆ ಬಂದು ಕೂತಿತು. ಪಕ್ಕದಲ್ಲಿ ನಿಂತ ನನಗೆ ಕೇಳಿಸಿದ್ದು ಮಾತ್ರ ಅಂಗಳದಲ್ಲಿ ಒಣಗಿದ ಅವರೆಕಾಯಿಯನ್ನು ಕೋಲಿನಿಂದ ಬಡಿಯುವ ಸದ್ದು. ಅದರ ಜೊತೆಗೆ ಕೆಳಗಿನಿಂದ ಧಡ್, ಧಡ್. ಕಾಲಿನ ಪೆಡಲ್ಲು. ಹೆಡ್‌ಫೋನಿನೊಳಗೆ ಹೋಗದೆ ಸೀದಾ ನೆಲದೊಳಗೆ ಇಳಿಯುವ ಸದ್ದು ಅದು. ಈ ವಾದ್ಯದ ಗುಟ್ಟು ನನಗೆ ಹೊಳೆದದ್ದು ಅಲ್ಲೇ: ಇದರಲ್ಲಿ ಸಂಗೀತವೆಲ್ಲ ಬಾರಿಸುವವರ ಪಾಲು, ಪೆಟ್ಟೆಲ್ಲ ಮಿಕ್ಕವರ ಪಾಲು. ಅಸಲಿ ಡ್ರಮ್ಮಿನವನು ನೆರೆಯವರಿಗೆ ಹಿಂಸೆ ಕೊಟ್ಟರೂ ಹಾಡನ್ನಾದರೂ ಜೊತೆಗೆ ಕೊಡುತ್ತಾನೆ.

ನಮ್ಮ ಕೆಳಗಿನ ಮನೆಯಲ್ಲಿರುವವರು ರಾಯರು, ಬ್ಯಾಂಕಿನಿಂದ ನಿವೃತ್ತರು. ಸಜ್ಜನರು. ನಮ್ಮಲ್ಲಿ ಲಟ್ಟಣಿಗೆ ಕೈಜಾರಿದರೆ ಅರೆ ನಿಮಿಷದಲ್ಲಿ ಫೋನು ಬರುತ್ತದೆ: "ಎಲ್ಲಾ ಕ್ಷೇಮ ತಾನೆ?" ಇಂಥವರ ತಲೆಯ ಮೇಲೆ ದಿನಾ ಸಂಜೆ ಧಡ್ ಧಡ್ ಎನಿಸಿದರೆ ಎಷ್ಟು ಸಲ ಕ್ಷೇಮ ಹೇಳುವುದು?

ಅಂಗಡಿಯವನ ಬಳಿ ಇದಕ್ಕೂ ಮದ್ದಿತ್ತು. ಕೆಲವು ಅಗ್ಗದ ಸೆಟ್ಟುಗಳ ಪೆಡಲ್ಲಿಗೆ ಬಡಿಯುವ ಸುತ್ತಿಗೆಯೇ ಇರುವುದಿಲ್ಲ, ತುಳಿದರೆ ಸಾಕು. ರಾಯರಿಗೆ ಹೇಳಿ ಮಾಡಿಸಿದ್ದು. ಮಗಳು ತುಳಿದು ನೋಡಿ, "ಇದು ಹೊಲಿಗೆ ಮಿಷನ್ನು" ಎಂದು ಎದ್ದುಬಿಟ್ಟಳು. ಇನ್ನೊಂದು ಮದ್ದು: ಎರಡು ಪ್ಲೈವುಡ್ ಹಲಗೆಗಳ ನಡುವೆ ಟೆನಿಸ್ ಚೆಂಡುಗಳನ್ನು ಸಾಲಾಗಿ ಕೂರಿಸಿ, ಸೆಟ್ಟನ್ನೂ ಸ್ಟೂಲನ್ನೂ ಆ ಕಟ್ಟೆಯ ಮೇಲೆ ಏರಿಸುವುದು. ಅದುರುವಿಕೆಯನ್ನು ಚೆಂಡುಗಳು ಬಹುಪಾಲು ನುಂಗಿಕೊಳ್ಳುತ್ತವೆ. ದೇಶದೇಶಗಳ ಫ್ಲ್ಯಾಟುವಾಸಿ ಡ್ರಮ್ಮರುಗಳು ಕಂಡುಕೊಂಡ ಉಪಾಯವಂತೆ. ಮನೆಗೆ ಬಂದು ಹೇಳಿದರೆ ಹೆಂಡತಿ, "ರೀ, ಡ್ರಮ್ಮಿಗೊಂದು ಹಲಗೆ, ಹಲಗೆಗೊಂದು ಚೆಂಡು, ಇವೆಲ್ಲ ಇಡೋಕೆ ಇನ್ನೊಂದು ಮನೆ. ಅದನ್ನೂ ನೋಡ್ಕೊಂಡು ಬಂದ್ರಾ?" ಎಂದಳು.

ಮೃದಂಗ ನುಡಿಸುವ ಚಿಕ್ಕಪ್ಪನನ್ನು ಕೇಳಿದೆ. ಎಡಗಡೆಗೆ ರವೆ ಕಲಸಿ ಹಚ್ಚಿ, ಕಛೇರಿ ಮುಗಿದ ಮೇಲೆ ಕೆರೆದು ತೆಗೆದು, ಮಳೆಗಾಲದಲ್ಲಿ ಚರ್ಮದ ಮುನಿಸು ಸಹಿಸಿ, ಕಲ್ಲಿನಿಂದ ಕುಟ್ಟಿ ಶ್ರುತಿ ಸೇರಿಸಿ ಸುಸ್ತಾದ ಜೀವ ಅದು. ಮಳೆಗೆ ಜಗ್ಗದ ಡ್ರಮ್ಮೆಂದರೆ ಹೊಟ್ಟೆಕಿಚ್ಚು ಪಡುತ್ತಾನೆಂದುಕೊಂಡರೆ, "ಎದುರಾಡದ ವಾದ್ಯದಲ್ಲಿ ಕೈ ಕೆಡತ್ತೆ ಕಣೋ" ಎಂದ. ಅದರಲ್ಲಿ ಸತ್ಯವಿದೆ. ಕಾಲಿನಿಂದ ತೆರೆದು ಮುಚ್ಚುವ ಜೋಡಿ ಸಿಂಬಲ್ಲು, ಅಂದರೆ ಹೈ-ಹ್ಯಾಟು, ಅಗ್ಗದ ಸೆಟ್ಟಿನಲ್ಲಿ ಒಂದೋ ಮುಚ್ಚಿರುತ್ತದೆ, ಇಲ್ಲವೇ ತೆರೆದಿರುತ್ತದೆ. ಅಸಲಿಯಲ್ಲಿ ಇವೆರಡರ ನಡುವೆ ಕಾಲು ಆಡಿಸುವ ಒಂದು ದೊಡ್ಡ ಸಂಸಾರವೇ ಇದೆ. ಆಮೇಲೆ ಚಿಕ್ಕಪ್ಪ, "ಮೊದಲು ಬಾಯಲ್ಲಿ ಹೇಳಿಸು. ಕೊನ್ನಕ್ಕೋಲಿಗೆ ದುಡ್ಡಿಲ್ಲ, ಕರೆಂಟಿಲ್ಲ" ಎಂದು ಸೇರಿಸಿದ. ಒಂದು ವಾರ ಅದೂ ಆಯಿತು. ಮಗಳು ಊಟಕ್ಕೆ ಕೂತರೆ ತಕಧಿಮಿ ತಕಝಣು, ಕೈ ಸುಮ್ಮನಿರಲಾರದೆ ಸ್ಟೀಲ್ ತಟ್ಟೆಯ ಮೇಲೆ ಅದರ ಪ್ರತಿಧ್ವನಿ. ಹೆಂಡತಿ ಪಕ್ಷಾಂತರ ಮಾಡಿದ್ದು ಆಗಲೇ. ಹೆಡ್‌ಫೋನಿನ ಮಹಿಮೆಯನ್ನು ಈಗ ಅವಳೇ ನನಗೆ ವಿವರಿಸುತ್ತಾಳೆ.

ನನ್ನ ಮಟ್ಟಿಗೆ ತೀರ್ಮಾನ ಇಷ್ಟು: ಕಲಿಯುವ ಹಟ ನಿಜವಾಗಿದ್ದರೆ ತಗೊಳ್ಳಬಹುದು, ಬಲೆಯ ಪ್ಯಾಡಿನದೇ ಆಗಬೇಕು, ಹೊಸದು ಬೇಡ. ಸೆಕೆಂಡ್ ಹ್ಯಾಂಡ್ ಜಾಹೀರಾತುಗಳಲ್ಲಿ ಇಂಥವು ಬೇಕಾದಷ್ಟಿವೆ. "ಹೆಚ್ಚು ಬಳಸಿಲ್ಲ" ಎಂಬ ಮಾತು ಎಲ್ಲದರಲ್ಲೂ ಇರುತ್ತದೆ, ಅದನ್ನು ನಾನು ಪೂರ್ತಿ ನಂಬುತ್ತೇನೆ. ಫೋಟೋದ ಮೂಲೆಯಲ್ಲಿ ಟ್ರೆಡ್‌ಮಿಲ್ ಇಣುಕುತ್ತಿರುತ್ತದೆ, ಸಿಂಬಲ್ಲಿನ ಕೊಂಬೆಗೆ ಟವೆಲ್ಲು ನೇತುಬಿದ್ದಿರುತ್ತದೆ.

ಜಯನಗರದಲ್ಲಿ ಒಂದು ಸಿಕ್ಕಿದೆ, ಎರಡನೇ ಮಹಡಿ. ಭಾನುವಾರ ನೋಡಲು ಹೋಗುತ್ತಿದ್ದೇವೆ. ಮಗಳು ಮೇಲೆ ಹೋಗಿ ಬಾರಿಸಲಿ. ನಾನು ಮೊದಲನೇ ಮಹಡಿಯವರ ಬೆಲ್ ಒತ್ತಿ, ಐದು ನಿಮಿಷ ನಿಮ್ಮ ಹಾಲಿನಲ್ಲಿ ಕೂರಬಹುದೇ ಎಂದು ಕೇಳುವವನಿದ್ದೇನೆ.