ಉಚ್ಚೆ ಲೆಕ್ಕ

ನಮ್ಮ ಮಗಳ ಜೀವನಚರಿತ್ರೆ ಬರೆಯುವವರಿಗೆ ಮುಂದೆ ಆಕರಗಳ ಕೊರತೆಯಂತೂ ಆಗುವುದಿಲ್ಲ. ಹುಟ್ಟಿದ ನಾಲ್ಕನೇ ದಿನದಿಂದ ಐದನೇ ತಿಂಗಳವರೆಗೆ ಅವಳು ದಿನಕ್ಕೆ ಎಷ್ಟು ಸಲ ಉಚ್ಚೆ ಹೊಯ್ದಳು ಎಂಬುದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ದಿನಾಂಕ, ವೇಳೆ, ಷರಾ ಸಮೇತ ದಾಖಲಾಗಿದೆ. ಷರಾದಲ್ಲಿ 'ನನ್ನ ಮೇಲೆ' ಎಂಬ ನಮೂದು ಹದಿನೇಳು ಕಡೆ ಇದೆ.

ಇದು ಶುರುವಾಗಿದ್ದು ತೂಕದಿಂದ. ಹುಟ್ಟಿದಾಗ ಮಗು 2 ಕಿಲೋ 900 ಗ್ರಾಂ ಇತ್ತು. ನಾಲ್ಕನೇ ದಿನ ತೂಗಿದರೆ 2 ಕಿಲೋ 700. ನಾನು ಬ್ಯಾಂಕಿನವನು. ನಾಲ್ಕು ದಿನದಲ್ಲಿ ಅಸಲಿನಲ್ಲೇ ಶೇಕಡಾ ಏಳರಷ್ಟು ಕರಗಿದರೆ ಗಿರಾಕಿ ಕೌಂಟರಿಗೆ ಬಂದು ಗಲಾಟೆ ಮಾಡದೆ ಇರುತ್ತಾನೆಯೇ? ನಾನೂ ಮಾಡಿದೆ. ಮಕ್ಕಳ ಡಾಕ್ಟರು ತಲೆ ಎತ್ತದೆ, 'ಮೊದಲ ವಾರ ಎಲ್ಲ ಮಕ್ಕಳೂ ಇಳಿಯುತ್ತವೆ. ಹತ್ತು ಪರ್ಸೆಂಟಿನ ಒಳಗಿದ್ದರೆ ಹೆದರಬೇಡಿ, ಎರಡು ವಾರದೊಳಗೆ ಮೊದಲಿನಷ್ಟಕ್ಕೆ ಬರುತ್ತೆ' ಎಂದರು. ಹಾಲು ಸಾಕಾಗುತ್ತಿದೆ ಅಂತ ತಿಳಿಯೋದು ಹೇಗೆ ಸಾರ್ ಎಂದೆ. 'ಒಳಗೆ ಹೋಗಿದ್ದು ಹೊರಗೆ ಬರಬೇಕಲ್ಲ? ವಾರ ತುಂಬಿದ ಮೇಲೆ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯಬೇಕು. ಎಣಿಸಿ' ಎಂದರು. ಎಣಿಸಿ ಎಂಬ ಮಾತನ್ನು ಯಾರಿಗೆ ಹೇಳುತ್ತಿದ್ದೇನೆಂದು ಅವರಿಗೆ ಗೊತ್ತಿರಲಿಲ್ಲ. ಆಸ್ಪತ್ರೆಯ ಎದುರಿನ ಅಂಗಡಿಯಲ್ಲೇ ನೋಟ್‌ಬುಕ್ ಕೊಂಡೆ.

ಬಾಣಂತನ ತೀರ್ಥಹಳ್ಳಿ ಕಡೆ ಅತ್ತೆಯವರ ಮನೆಯಲ್ಲಿ. ನನ್ನ ಕೆಲಸ ಶಿವಮೊಗ್ಗದಲ್ಲಿ. ರಜೆ ಹದಿನೈದು ದಿನ, ಆಮೇಲೆ ಶನಿವಾರ ಸಂಜೆಯ ಬಸ್ಸು. ಮೇ ತಿಂಗಳ ಕೊನೆಗೆ ಹುಟ್ಟಿದ ಮಗು, ಅಂದರೆ ತೊಟ್ಟಿಲು ಕಟ್ಟುವುದಕ್ಕೂ ಮಳೆ ಹಿಡಿಯುವುದಕ್ಕೂ ಸರಿಹೋಯಿತು. ಬಯಲುಸೀಮೆಯವನಾದ ನಾನು ಬಟ್ಟೆ ಒಣಗುವುದು ಪ್ರಕೃತಿ ನಿಯಮ ಎಂದುಕೊಂಡಿದ್ದೆ. ಅಲ್ಲಿ ಅದೊಂದು ಕೈಗಾರಿಕೆ. ಹಳೇ ಸೀರೆ ಹರಿದು ಮಾಡಿದ ಐವತ್ತು ತುಂಡು ಬಟ್ಟೆಗಳು ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ಸಾಲಾಗಿ ತೂಗಾಡುತ್ತಿದ್ದವು. ಒಣಗಿ ಬಂದದ್ದಕ್ಕೆಲ್ಲ ಹೊಗೆಯ ವಾಸನೆ. ಕಣ್ಣು ಮುಚ್ಚಿ ಮಗುವನ್ನು ಎತ್ತಿಕೊಂಡರೆ ಮುತ್ತು ಕೊಡಬೇಕೋ, ಹಪ್ಪಳದ ಹಾಗೆ ಮುರಿಯಬೇಕೋ ತಿಳಿಯುತ್ತಿರಲಿಲ್ಲ.

ನೋಟ್‌ಬುಕ್ ನೋಡಿ ಅತ್ತೆ ಮೊದಲ ದಿನವೇ ಕೇಳಿದ್ದರು: 'ಇದೆಂತದು ಮಾರಾಯ್ರೇ, ಉಚ್ಚೆಗೂ ಬಡ್ಡಿ ಕೊಡ್ತಾರಾ?'

ಅವರು ನಾಲ್ಕು ಮಕ್ಕಳನ್ನು ಹೆತ್ತು, ಎಂಟು ಬಾಣಂತನ ಮಾಡಿದವರು. ಅವರಿಗೆ ಮಗು ಅಂದರೆ ಕೈಗೆ ಸಿಗುವ ವಸ್ತು. ತೊಡೆ ಹಿಂಡಿ ತೂಕ ಹೇಳುತ್ತಿದ್ದರು, ನೆತ್ತಿ ಮುಟ್ಟಿ ಹಸಿವು ಹೇಳುತ್ತಿದ್ದರು. ನನಗೆ ಅದು ಸಾಲದು. ಒಂದು ಭಾನುವಾರ ಅವರು ಕೊಟ್ಟಿಗೆಗೆ ಹೋದಾಗ, ಅಂಗಳದ ಚಪ್ಪರದಲ್ಲಿದ್ದ ಅಡಕೆ ತೂಗುವ ತಕ್ಕಡಿಯ ಮೇಲೆ ಬೆತ್ತದ ಬುಟ್ಟಿ ಇಟ್ಟು, ಬುಟ್ಟಿಯಲ್ಲಿ ಮಗುವನ್ನಿಟ್ಟೆ. ಬುಟ್ಟಿಯ ತೂಕ ಕಳೆದು, ಬಟ್ಟೆಯ ತೂಕ ಕಳೆದು, ಮುಳ್ಳು ನಿಲ್ಲುವಷ್ಟರಲ್ಲಿ ಹಾಲಿನ ಚೆಂಬು ಹಿಡಿದು ಅತ್ತೆ ಬಾಗಿಲಲ್ಲಿ ನಿಂತಿದ್ದರು. 'ಎಂತ ಬಂತು? ಹಸವೋ ಗೊರಬಲೋ?' ಎಂದರು. ಅಡಕೆ ಬೆಳೆಯುವವರ ಮನೆಯ ಅಳಿಯನಿಗೆ ಹಸ ಶ್ರೇಷ್ಠ, ಗೊರಬಲು ತೀರಾ ಕೆಳಗಿನ ದರ್ಜೆ ಎಂಬಷ್ಟು ತಿಳಿದಿರುತ್ತದೆ. ಹಸ ಎಂದೆ. 'ಅದು ತಕ್ಕಡಿ ಹೇಳಿದ್ದಾ, ಅಪ್ಪ ಹೇಳಿದ್ದಾ?' ಎಂದು ಒಳಗೆ ಹೋದರು.

ತಾಯಿ ಕಾರ್ಡಿನ ಹಿಂದೆ ತೂಕದ ಗೆರೆಗಳಿವೆಯಲ್ಲ, ಅವನ್ನು ತೋರಿಸಿ ಗೆಲ್ಲಬಹುದೆಂದುಕೊಂಡೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರಡಿಸಿದ ಆ ಗೆರೆಗಳಿಗಾಗಿ ದೆಹಲಿ, ಮಸ್ಕತ್, ಅಕ್ರಾ, ಓಸ್ಲೋ, ಬ್ರೆಜಿಲ್‌ನ ಪೆಲೊಟಾಸ್, ಅಮೆರಿಕದ ಡೇವಿಸ್ ಊರುಗಳ ಮಕ್ಕಳನ್ನು ತೂಗಿದ್ದರು. ಎಲ್ಲಿಯ ಮಗುವಾದರೂ ಎದೆಹಾಲು ಕುಡಿದು ಚೆನ್ನಾಗಿದ್ದರೆ ಹೆಚ್ಚೂಕಡಿಮೆ ಒಂದೇ ಥರ ಬೆಳೆಯುತ್ತದೆ ಎಂದು ಕಂಡುಕೊಂಡರು ಎಂದು ವಿವರಿಸಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡು, 'ಅಷ್ಟು ಊರು ಸುತ್ತಿದ್ದಾರೆ, ಪಾಪ' ಎಂದರು.

ಮಗುವಿಗೆ ನೀರೆರೆಯುವುದನ್ನು ನೋಡಲು ಮಾತ್ರ ನನಗೆ ಗುಂಡಿಗೆ ಸಾಲುತ್ತಿರಲಿಲ್ಲ. ಅತ್ತೆ ಮಣೆಯ ಮೇಲೆ ಕೂತು ಎರಡೂ ಕಾಲು ನೀಡುತ್ತಿದ್ದರು. ಮೊಣಕಾಲ ಕೆಳಗೆ ಎರಡು ಕಾಲುಗಳ ನಡುವಿನ ಆ ಇಳಿಜಾರೇ ಮಗುವಿನ ಸ್ನಾನದ ತೊಟ್ಟಿ. ಎಣ್ಣೆ ಹಚ್ಚಿದ ಮಗು ಮೀನಿನಂತೆ ಜಾರುವಾಗಲೂ ಅವರ ಎಡಗೈ ಮಾತ್ರ ಅದರ ಕತ್ತಿನ ಹಿಂದೆ ಕದಲದೆ ಇರುತ್ತಿತ್ತು. ಬೆನ್ನಿಗೆ ನೀರು, ತೊಡೆಯ ಮಡಿಕೆಗೆ ನೀರು, ಕಡೆಗೆ ತಲೆಗೆ ನೀರು, ಹಣೆಗೆ ಅಡ್ಡ ಹಿಡಿದ ಅಂಗೈಯಿಂದಾಗಿ ಮೂಗಿಗೆ ಒಂದು ಹನಿಯೂ ಇಲ್ಲ. ನಾನು ಬಾಗಿಲ ಮರೆಯಲ್ಲಿ ನಿಂತು ಉಸಿರು ಹಿಡಿಯುತ್ತಿದ್ದೆ. ಮುಂದಿನ ವಾರ ಶಿವಮೊಗ್ಗದಿಂದ ನೀರಿನ ಶಾಖ ಅಳೆಯುವ ಸಾಧನ ತಂದೆ. ಅತ್ತೆ ಮೊಣಕೈ ಅದ್ದಿ 'ಆತು' ಎಂದ ಮೇಲೆ ನಾನು ಅದನ್ನು ಅದ್ದಿದೆ. ಮೂವತ್ತೆಂಟು ಡಿಗ್ರಿ; ಪೊಟ್ಟಣದ ಮೇಲೆ ಇರಬೇಕೆಂದು ಬರೆದದ್ದೂ ಅಷ್ಟೇ. 'ನನ್ನ ಮೊಣಕೈಗೆ ಸೆಲ್ ಹಾಕುವ ಖರ್ಚಿಲ್ಲ ನೋಡಿ' ಎಂದರು.

ಎಲ್ಲ ಪಂದ್ಯವನ್ನೂ ಅವರೇ ಗೆದ್ದರು ಎಂದುಕೊಳ್ಳಬೇಡಿ. ಸ್ನಾನವಾದ ಮೇಲೆ ಮೂಗಿಗೆ ಎರಡು ಹನಿ ಎಣ್ಣೆ ಬಿಡುವ ಪದ್ಧತಿಯನ್ನು, ಶ್ವಾಸಕೋಶಕ್ಕೆ ಇಳಿದರೆ ಕಷ್ಟ ಎಂದು ಡಾಕ್ಟರ ಬಾಯಿಂದಲೇ ಹೇಳಿಸಿ ನಿಲ್ಲಿಸಿದೆ. ಲೋಬಾನದ ಹೊಗೆಯನ್ನು ಬಾಣಂತಿ ಕೋಣೆಯಿಂದ ದೇವರ ಮನೆಗೆ ವರ್ಗ ಮಾಡಿಸಿದೆ. ತಲೆ ಗುಂಡಗಾಗಲೆಂದು ಹೊಲಿದಿಟ್ಟಿದ್ದ ಸಾಸಿವೆ ದಿಂಬನ್ನೂ ತೆಗೆಸಿದೆ. ಆ ಹುರುಪಿನಲ್ಲಿ, ಮಗುವನ್ನು ಅಂಗಾತವೇ ಮಲಗಿಸಬೇಕು, ಬೋರಲು ಕೂಡದು, ಅಮೆರಿಕದವರು 1994ರಲ್ಲಿ ಇದನ್ನೇ ದೊಡ್ಡ ಆಂದೋಲನ ಮಾಡಿದ ಮೇಲೆ ನಿದ್ದೆಯಲ್ಲೇ ಮಕ್ಕಳು ಹೋಗಿಬಿಡುವುದು ಅಲ್ಲಿ ಅರ್ಧಕ್ಕೆ ಇಳಿಯಿತು ಎಂದು ಭಾಷಣ ಬಿಗಿದೆ. 'ಅದಕ್ಕೆ ಮುಂಚೆ ಹೇಗೆ ಮಲಗಿಸ್ತಿದ್ರು?' ಎಂದು ಕೇಳಿದರು. ಬೋರಲು, ಅಲ್ಲಿನ ದೊಡ್ಡ ಡಾಕ್ಟರುಗಳೇ ಹಾಗೆ ಪುಸ್ತಕದಲ್ಲಿ ಬರೆದಿದ್ದರು ಎಂದೆ. ಅತ್ತೆ ನನ್ನನ್ನು ನೋಡಿದ ರೀತಿಯಲ್ಲಿ ಅಷ್ಟೂ ಡಾಕ್ಟರುಗಳ ಬಗ್ಗೆ ಕನಿಕರವಿತ್ತು. ಅವರ ನಾಲ್ಕೂ ಮಕ್ಕಳು ಅಂಗಾತವೇ ಮಲಗಿದ್ದವಂತೆ.

ದೊಡ್ಡ ಕದನ ನಡೆದದ್ದು ಜೇನಿಗೆ. ಬಜೆ ತೇಯ್ದು ನೆಕ್ಕಿಸಲು ಹೆಂಡತಿಯ ಸೋದರಮಾವ ಸೀಸೆ ತುಂಬ ತುಡುವೆ ಜೇನು ತಂದರು. ಪೆಟ್ಟಿಗೆಯಲ್ಲಿ ತಾವೇ ಸಾಕಿದ ಜೇನು, ಕಲಬೆರಕೆಯ ಮಾತೇ ಇಲ್ಲ. ಆದರೆ ತೊಂದರೆ ಇರುವುದು ಅಪ್ಪಟ ಜೇನಿನಲ್ಲೂ. ಬಾಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಅದರಲ್ಲಿ ಇರಬಹುದು; ನಮ್ಮ ಹೊಟ್ಟೆ ಅವನ್ನು ಲೆಕ್ಕಕ್ಕಿಡುವುದಿಲ್ಲ, ವರ್ಷ ತುಂಬದ ಮಗುವಿನ ಕರುಳಲ್ಲಿ ಮೊಳೆತು ವಿಷ ಬಿಡಬಹುದು. ಹೀಗೆಂದು ಹೇಳಿದ್ದಕ್ಕೆ ಸೋದರಮಾವ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಜೇನಿಗೆ ಬದಲಾಗಿ ಅವರು ಸೂಚಿಸಿದ ಗ್ರೈಪ್ ವಾಟರನ್ನೂ ಬೇಡವೆಂದೆ. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಆ ಔಷಧಿಯ ಮೂಲ ಪಾಕದಲ್ಲಿ ಆಲ್ಕೋಹಾಲ್ ಇತ್ತಂತೆ. ಅಳುವ ಮಕ್ಕಳು ಯಾಕೆ ಸುಮ್ಮನಾಗುತ್ತಿದ್ದವೆಂದು ಬೇರೆ ಹೇಳಬೇಕೇ? ಈಗಿನದರಲ್ಲಿ ಅದಿಲ್ಲ, ಆದರೂ ಆರು ತಿಂಗಳವರೆಗೆ ನೀರೂ ಬೇಡ, ಎದೆಹಾಲೊಂದೇ ಸಾಕು ಎಂಬ ಮಗುವಿಗೆ ಅದೇಕೆ?

ಕೊನೆಗೆ ರಾಜಿ ಮಾಡಿಸಿದ್ದು ಅತ್ತೆಯೇ. 'ಅವರ ಭಾಷೆಯಲ್ಲೇ ಮಾಡಿ' ಎಂದು ಸೀಸೆಗೆ ಚೀಟಿ ಅಂಟಿಸಿ, ಮುಂದಿನ ಮೇ ತಿಂಗಳ ತಾರೀಕು ಬರೆದು ಗೂಡಿನಲ್ಲಿಟ್ಟರು. ಒಂದು ವರ್ಷದ ಫಿಕ್ಸೆಡ್ ಡಿಪಾಸಿಟ್. ಅವಧಿಗೆ ಮುನ್ನ ತೆಗೆಯುವಂತಿಲ್ಲ.

ಐದು ತಿಂಗಳಿಗೆ ತಾಯಿ ಮಗು ಶಿವಮೊಗ್ಗಕ್ಕೆ ಬಂದರು. ಆರಕ್ಕೆ ರಾಗಿ ಸರಿ ಶುರು. ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಸೋಸಿದ ಹಿಟ್ಟನ್ನು ಅತ್ತೆ ಬಸ್ಸಿನಲ್ಲಿ ಕಳಿಸುತ್ತಿದ್ದರು. ಎರಡು ಚಮಚ ಬಾಯಿಗೆ, ನಾಲ್ಕು ಚಮಚ ಗೋಡೆಗೆ. ಗೋಡೆಗಳಿಗೆ ಸುಣ್ಣದ ಅಂಶ ಹೀಗೂ ಸಿಗುತ್ತದೆ. ಮಗು ಗುಂಡಗಿತ್ತು, ನಾನು ಧೈರ್ಯವಾಗಿ ನೋಟ್‌ಬುಕ್ಕನ್ನು ಅಟ್ಟಕ್ಕೆ ಎಸೆದೆ.

ಒಂಬತ್ತನೇ ತಿಂಗಳಲ್ಲಿ ಭೇದಿ ಹಿಡಿಯಿತು. ರಾತ್ರಿ ಹನ್ನೊಂದಕ್ಕೆ ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಬೆರೆಸಿ ಚಮಚ ಚಮಚವಾಗಿ ಕುಡಿಸುತ್ತಾ ಕೂತೆವು. 1971ರಲ್ಲಿ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಮುಗಿದಾಗ, ಡಾ. ದಿಲೀಪ್ ಮಹಾಲನಬಿಸ್ ಡ್ರಮ್ಮುಗಳಲ್ಲಿ ಉಪ್ಪು-ಗ್ಲೂಕೋಸ್ ನೀರು ಕಲಸಿ ಸಾವಿರಾರು ಜನರನ್ನು ಉಳಿಸಿದ್ದು ಇದರಿಂದಲೇ. ಇದನ್ನು ಹಿಂದೆ ಎಲ್ಲೋ ಓದಿದ್ದೆ. ಓದಿದ್ದರಿಂದ ಆ ಹೊತ್ತಿಗೆ ಕೈ ನಡುಕ ನಿಲ್ಲಲಿಲ್ಲ. ಅತ್ತೆಗೆ ಫೋನು ಮಾಡಿದೆವು. ಎಷ್ಟು ಸಲ ಭೇದಿಯಾಯಿತು ಎಂದು ಕೇಳಲಿಲ್ಲ, ಜ್ವರ ಇದೆಯೇ ಎನ್ನಲಿಲ್ಲ.

'ಉಚ್ಚೆ ಎಷ್ಟು ಸಲ ಹೊಯ್ತು?'

ನಾನು ಹೆಂಡತಿಯ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. 'ಐದು ತಿಂಗಳು ಬರೆದವರು ಬೇಕಾದ ದಿನ ಬರೆದಿಲ್ವಾ?' ಎಂದರು. ಅಷ್ಟರಲ್ಲಿ ಮಗು ನನ್ನ ತೊಡೆಯ ಮೇಲೆ ಬೆಚ್ಚಗೆ ಉತ್ತರ ಕೊಟ್ಟಿತು. ಆ ಒದ್ದೆ ಪಂಚೆಯಲ್ಲೇ ಬೆಳಗಿನವರೆಗೆ ಕೂತಿದ್ದೆ, ಬದಲಾಯಿಸಲು ಮನಸ್ಸಾಗಲಿಲ್ಲ.

ವರ್ಷ ತುಂಬಿದ ದಿನ ಠೇವಣಿ ಬಿಡಿಸಲು ಊರಿಗೆ ಹೋದೆವು. ಸೋದರಮಾವನೇ ಸೀಸೆಯ ಮುಚ್ಚಳ ತೆಗೆದರು. ಚಮಚ ಹುಡುಕಿಕೊಂಡು ಅಡುಗೆಮನೆಗೆ ಹೋದವನು ಬಾಗಿಲ ಹಿಂದೆ ಹೋದ ವರ್ಷದ ಕ್ಯಾಲೆಂಡರ್ ನೋಡಿದೆ. ಹಾಲಿನ ಲೆಕ್ಕದ್ದು. ಜೂನ್, ಜುಲೈ ಹಾಳೆಗಳ ಪ್ರತಿ ಚೌಕದಲ್ಲೂ ಹಾಲಿನ ಸೇರಿನ ಕೆಳಗೆ ಪೆನ್ಸಿಲ್ಲಿನಲ್ಲಿ ಸಣ್ಣ ಗೀಟುಗಳು. ಆರು, ಎಂಟು, ಏಳು, ಒಂಬತ್ತು. ಹಾಲು ಏರಿಳಿದರೂ ಗೀಟು ಆರಕ್ಕಿಂತ ಕೆಳಗೆ ಇಳಿದಿರಲಿಲ್ಲ.

ಹಿಂದೆ ಅತ್ತೆ ನಿಂತಿದ್ದರು.

'ಜುಲೈ ಹನ್ನೊಂದು ನೋಡಿ' ಎಂದರು. 'ನಿಮ್ಮ ಪುಸ್ತಕದಲ್ಲಿ ಆರು ಅಂತ ಇದೆ. ಏಳು. ನೀವು ಅಡಕೆ ತೂಕ ನೋಡ್ಲಿಕ್ಕೆ ಅಂಗಳಕ್ಕೆ ಹೋಗಿದ್ರಿ.'