ಬಿಪಿಎಲ್ ಲಕ್ಷಣ ದೀಪಿಕೆ

ವಿಷಯ

ಬಡವನೆಂದರೆ ಯಾರು ಎಂದು ಕೇಳಿದರೆ ಹಿಂದಿನವರು ಒಲೆ ನೋಡಿ ಹೇಳುತ್ತಿದ್ದರು. ಈಗ ಅದಕ್ಕೊಂದು ಶಾಸ್ತ್ರವೇ ಇದೆ. ರೇಷನ್ ಕಾರ್ಡು ಅದರ ಮೂಲಗ್ರಂಥ, ನ್ಯಾಯಬೆಲೆ ಅಂಗಡಿ ಪಾಠಶಾಲೆ, ಹೆಬ್ಬೆಟ್ಟು ಓದುವ ಯಂತ್ರ ಪರೀಕ್ಷಕ. ಈ ಶಾಸ್ತ್ರ ಕಲಿಯಲು ಕೆಜಿಎಫ್‌ನ ಆಂಡರ್ಸನ್‌ಪೇಟೆ ಹೇಳಿ ಮಾಡಿಸಿದ ಊರು. 2000ದ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಡುಬಡವರಿಗೆಂದು ಅಂತ್ಯೋದಯ ಯೋಜನೆ ತಂದಿತು. ಮರುವರ್ಷ ಫೆಬ್ರವರಿ 28ಕ್ಕೆ ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿತು. ಲಕ್ಷಣ ಮೊದಲು ಬಂತು, ಲಕ್ಷ್ಯ ಆಮೇಲೆ ಸಿದ್ಧವಾಯಿತು.

ಪ್ರಭೇದ

ಸೊಸೈಟಿ ಮುಂದಿನ ಸಾಲಿನಲ್ಲಿ ನಾಲ್ಕು ಪ್ರಭೇದ ಕಾಣುತ್ತವೆ.

ಒಂದು, ಅಂತ್ಯೋದಯಿ. ಮನೆಯಲ್ಲಿ ಎಷ್ಟೇ ತಲೆಯಿರಲಿ, ಕಾರ್ಡಿಗೆ 35 ಕೆಜಿ.

ಎರಡು, ಆದ್ಯತಾ ಕುಟುಂಬ, ಜನರ ಬಾಯಲ್ಲಿ ಬಿಪಿಎಲ್. 2013ರ ಆಹಾರ ಭದ್ರತಾ ಕಾಯ್ದೆಯಂತೆ ತಲೆಗೆ 5 ಕೆಜಿ, ಅದರ ಮೇಲೆ ರಾಜ್ಯದ ಗ್ಯಾರಂಟಿಯ 5 ಕೆಜಿ. ಈ ಎರಡನೆಯ ಐದು ಕೆಜಿ ಅವತಾರ ಎತ್ತುವ ಜಾತಿಯದು. 2023ರ ಜೂನ್‌ನಲ್ಲಿ ಕೇಂದ್ರ ತನ್ನ ದಾಸ್ತಾನಿನ ಅಕ್ಕಿಯನ್ನು ರಾಜ್ಯಗಳಿಗೆ ಮಾರುವುದು ನಿಲ್ಲಿಸಿದಾಗ ಅದು ಕೆಜಿಗೆ 34ರ ಲೆಕ್ಕದಲ್ಲಿ 170 ರೂಪಾಯಿಯಾಯಿತು. 2025ರಲ್ಲಿ ಮತ್ತೆ ಅಕ್ಕಿಯಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅದನ್ನು ಇಂದಿರಾ ಕಿಟ್ ಎಂಬ ದಿನಸಿ ಪೊಟ್ಟಣ ಮಾಡಲು ರಾಜ್ಯ ಸಂಪುಟ ಒಪ್ಪಿತು.

ಮೂರು, ಎಪಿಎಲ್. ಕಾರ್ಡು ವಿಳಾಸ ತೋರಿಸಲು ಮಾತ್ರ.

ನಾಲ್ಕು, ತ್ರಿಶಂಕು. ಹೋದ ತಿಂಗಳು ಬಿಪಿಎಲ್ ಆಗಿದ್ದು, ಈ ತಿಂಗಳು ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿದಾಗ ‘ನಿಮ್ಮ ಹೆಸರೇ ಬರ್ತಿಲ್ಲಮ್ಮ’ ಎನಿಸಿಕೊಂಡ ಜೀವಿ. 2024ರ ನವೆಂಬರ್‌ನಲ್ಲಿ ರಾಜ್ಯದಾದ್ಯಂತ ಈ ಪ್ರಭೇದ ಹೆಚ್ಚಿತು. ಗಲಾಟೆಯಾದ ಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆದಾರರನ್ನು ಬಿಟ್ಟು ಉಳಿದವರ ಕಾರ್ಡು ವಾಪಸು ಕೊಡಿ ಎಂದರು. ಆಗ ಆಹಾರ ಸಚಿವರಾಗಿದ್ದ ಕೆ.ಎಚ್. ಮುನಿಯಪ್ಪ 1991ರಿಂದ 2019ರವರೆಗೆ ಕೆಜಿಎಫ್ ಸೇರಿದ ಇದೇ ಕೋಲಾರ ಕ್ಷೇತ್ರದ ಸಂಸದರಾಗಿದ್ದವರು. ಈ ಸಾಲು ಅವರಿಗೆ ಅಪರಿಚಿತವಲ್ಲ.

ಲಕ್ಷಣದೋಷ

ಲಕ್ಷಣಕ್ಕೆ ಮೂರು ದೋಷ ಎನ್ನುತ್ತದೆ ತರ್ಕಶಾಸ್ತ್ರ. ಹಸುವೆಂದರೆ ಕಂದು ಬಣ್ಣದ್ದು ಎಂದರೆ ಅವ್ಯಾಪ್ತಿ, ಕರಿಹಸು ಹೊರಗುಳಿಯುತ್ತದೆ. ಕೊಂಬಿರುವುದು ಎಂದರೆ ಅತಿವ್ಯಾಪ್ತಿ, ಎಮ್ಮೆಯೂ ಒಳಗೆ ಬರುತ್ತದೆ. ಸೀಳಿಲ್ಲದ ಗೊರಸಿನದು ಎಂದರೆ ಅಸಂಭವ, ಅಂಥ ಹಸುವೇ ಲೋಕದಲ್ಲಿಲ್ಲ.

ಬಿಪಿಎಲ್ ಲಕ್ಷಣ ಮೂರನ್ನೂ ಸಾಧಿಸಿದೆ. ಸ್ಕೂಟರ್ ಸಾಲಕ್ಕೆ ಬ್ಯಾಂಕಿನವರು ಕೇಳಿದರೆಂದು ರಿಟರ್ನ್ಸ್ ಸಲ್ಲಿಸಿ, ಪೈಸೆ ತೆರಿಗೆ ಕಟ್ಟದೆಯೂ ತೆರಿಗೆದಾರರ ಲೆಕ್ಕಕ್ಕೆ ಸೇರಿದವನು ಅವ್ಯಾಪ್ತಿ. ವ್ಯವಹಾರವೆಲ್ಲ ಕೈಗೆ ಕೈ, ಕಾಗದದಲ್ಲಿ ಮಾತ್ರ ಬರಿಗೈ ಎಂಬ ಬಡ್ಡಿ ವ್ಯಾಪಾರಿ ಅತಿವ್ಯಾಪ್ತಿ.

ಇನ್ನು ಅಸಂಭವ. ಕುಟುಂಬದ ವಾರ್ಷಿಕ ವರಮಾನ 1.20 ಲಕ್ಷ ಮೀರಬಾರದು, ಅಂದರೆ ತಿಂಗಳಿಗೆ 10,000. ಇದೇ ರಾಜ್ಯದ ಬಹುತೇಕ ಉದ್ಯೋಗಗಳಲ್ಲಿ ಸರ್ಕಾರವೇ ಗೊತ್ತುಮಾಡಿದ ಕನಿಷ್ಠ ವೇತನ ಅದನ್ನು ದಾಟಿ ವರ್ಷಗಳಾದವು. ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲು ಹತ್ತಿ, ಬಂಗಾರಪೇಟೆ ದಾಟಿ, ಬೆಂಗಳೂರಿನ ಕಚೇರಿಯ ನೆಲ ಒರೆಸಲು ಹೋಗುವ ಹೆಂಗಸಿನ ಸಂಬಳದ ಚೀಟಿ ನೋಡಿ. ಪಿಎಫ್ ಶೇ 12, ಇಎಸ್ಐ ಶೇ 0.75 ಕಡಿತ, ಉಳಿದದ್ದು ಬ್ಯಾಂಕಿಗೆ. ಗುತ್ತಿಗೆದಾರ ಕಾನೂನಿನಂತೆ ತಿಂಗಳು ಪೂರ್ತಿ ಕೊಟ್ಟರೆ ಅವಳು ಬಡವಳಲ್ಲ. ಕಾನೂನು ಮುರಿದು ಕೊಟ್ಟರೆ ಬಡವಳು. ಕೆಲಸವೂ ಇದೆ, ನ್ಯಾಯವಾದ ಕನಿಷ್ಠ ಕೂಲಿಯೂ ಇದೆ, ಕಾರ್ಡೂ ಇದೆ ಎಂಬ ಕುಟುಂಬ ಸೀಳಿಲ್ಲದ ಗೊರಸಿನ ಹಸು.

ಅಳತೆಗೋಲು

ತಿಂಗಳಿಗೆ 10,000 ಮೀರಿದರೆ ಆಹಾರ ಇಲಾಖೆಗೆ ನೆಲ ಒರೆಸುವ ಈಕೆ ಉಳ್ಳವಳು. 21,000ದವರೆಗೂ ಇಎಸ್ಐ ಆಸ್ಪತ್ರೆಗೆ ಅಲ್ಪ ವೇತನದವಳು. ವರ್ಷಕ್ಕೆ 8 ಲಕ್ಷದೊಳಗಿದ್ದರೆ ಮೇಲ್ಜಾತಿಯ ಕುಟುಂಬವೂ ಆರ್ಥಿಕವಾಗಿ ದುರ್ಬಲ ಎಂದು 2019ರಿಂದ ಕೇಂದ್ರದ ಮೀಸಲಾತಿ ಪಡೆಯುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆಯೇ ಇಲ್ಲ. ಅಕ್ಕಿಗೆ ಎಳೆದ ಗೆರೆಗೂ ತೆರಿಗೆಗೆ ಎಳೆದ ಗೆರೆಗೂ ಸರಿಯಾಗಿ ಹತ್ತು ಪಟ್ಟು ಅಂತರ. ಈ ಎರಡರ ನಡುವೆ ವಾಸಿಸುವವರು ಅಕ್ಕಿ ಕೇಳುವಷ್ಟು ಬಡವರಲ್ಲ, ತೆರಿಗೆ ಕಟ್ಟುವಷ್ಟು ಸಿರಿವಂತರೂ ಅಲ್ಲ.

ಪೂರ್ವಪಕ್ಷ

ವಾದಿಗಳು ಮೂರು ಬಗೆ. ಸೋಮಾರಿವಾದಿಯ ಮತದಲ್ಲಿ ಬಿಟ್ಟಿ ಅಕ್ಕಿ ಉಂಡವನು ಕೆಲಸಕ್ಕೆ ಬರುವುದಿಲ್ಲ. ಕತ್ತಲಿರುವಾಗಲೇ ಎದ್ದು ರೈಲು ಹಿಡಿಯುವವರ ಹೆಸರೇ ಪಟ್ಟಿಯಿಂದ ಹಾರಿದ್ದು ಅವನ ಗಮನಕ್ಕೆ ಬಂದಿಲ್ಲ. ಖಜಾನೆವಾದಿಯ ಮಾತನ್ನು ತಳ್ಳಿಹಾಕುವಂತಿಲ್ಲ. 2024-25ರ ಬಜೆಟ್ಟಿನಲ್ಲಿ ಐದು ಗ್ಯಾರಂಟಿಗೆ ಇಟ್ಟದ್ದು ಸುಮಾರು 52,000 ಕೋಟಿ. ಆದರೆ ಅವನ ಕತ್ತರಿ ಓಡುವುದು ಕಾಗದ ಇರುವ ಕಡೆಗೇ. ಅರ್ಹವಾದಿ ಎಲ್ಲ ಪಕ್ಷಗಳಲ್ಲೂ ಇದ್ದಾನೆ. ‘ಅರ್ಹರಿಗೆ ತಪ್ಪುವುದಿಲ್ಲ’ ಎಂಬುದು ಅವನ ಮಂತ್ರ. ಯಾರಿಗೆ ತಪ್ಪಿತೋ ಅವರು ಅನರ್ಹರೆಂದು ಅದರಿಂದಲೇ ಸಿದ್ಧವಾಗುವುದರಿಂದ ಈ ಮಂತ್ರ ಸುಳ್ಳಾಗಲು ದಾರಿಯಿಲ್ಲ.

ಕೆಜಿಎಫ್‌ನ ಗಣಿಯನ್ನು 1880ರಲ್ಲಿ ಹಿಡಿದ ಜಾನ್ ಟೇಲರ್ ಕಂಪನಿಯ ದೇಶವೂ ಇಂಥ ಕತ್ತರಿಗೆ ಹೊರತಲ್ಲ. 2015ರಲ್ಲಿ ಬ್ರಿಟನ್ನಿನ ಅರ್ಥಸಚಿವ ಜಾರ್ಜ್ ಆಸ್ಬಾರ್ನ್ ಕತ್ತರಿ ಇಟ್ಟದ್ದು ದುಡಿದೂ ಸಾಲದ ಕುಟುಂಬಗಳ ಸಹಾಯಧನಕ್ಕೆ. ಅಲ್ಲಿನ ಮೇಲ್ಮನೆ ಅಡ್ಡಬಂದ ಮೇಲೆ ಕೈಬಿಟ್ಟ.

ಸಿದ್ಧಾಂತ

ಕೂಲಿಯಲ್ಲಿ ಕೊರೆ ಬಿದ್ದದ್ದನ್ನು ಸೊಸೈಟಿ ಅಕ್ಕಿ ತುಂಬುತ್ತದೆ. ಹಾಗೆ ನೋಡಿದರೆ ಕಾರ್ಡು ಸಾಕುವುದು ಕಡಿಮೆ ಕೊಡುವ ಮಾಲೀಕನನ್ನೂ ಹೌದು. ಕಾರ್ಡು ಕಿತ್ತುಕೊಂಡರೆ ಅವನಿಗೇನೂ ನಷ್ಟವಿಲ್ಲ. ವೇತನ ಗೊತ್ತುಮಾಡುವುದು ಕಾರ್ಮಿಕ ಇಲಾಖೆ, ಗೆರೆ ಎಳೆಯುವುದು ಆಹಾರ ಇಲಾಖೆ, ಎರಡೂ ಒಂದೇ ಸರ್ಕಾರದವು. ಆದ್ದರಿಂದ ಗೆರೆಯನ್ನು ಕನಿಷ್ಠ ವೇತನಕ್ಕೆ ಕಟ್ಟಬೇಕು, ವೇತನ ಏರಿದಾಗ ಅದೂ ಏರಬೇಕು. ಮನೆಯಲ್ಲಿ ಇಬ್ಬರು ದುಡಿದರೆ ಇಬ್ಬರ ಲೆಕ್ಕ ಹಿಡಿಯಬೇಕು. ಅಲ್ಲಿಯವರೆಗೆ ಪಟ್ಟಿ ಎಷ್ಟು ಸಲ ಜಾಲಿಸಿದರೂ ಉದುರುವುದು ಸಂಬಳದ ಚೀಟಿ ಇರುವವರೇ.

ಫಲಶ್ರುತಿ

ಇದನ್ನು ಓದಿದ ಶಾಸಕರಿಗೆ ಅಧಿವೇಶನದಲ್ಲಿ ಒಂದು ಪ್ರಶ್ನೆ ಸಿಗಲಿ, ಅಧಿಕಾರಿಗೆ ಒಂದು ಸುತ್ತೋಲೆ ಹೊಳೆಯಲಿ. ತ್ರಿಶಂಕುವಿಗೆ ಮಾತ್ರ ಪಠಣದಿಂದ ಫಲವಿಲ್ಲ. ಅವಳು ಆಧಾರ್, ಹಳೇ ಕಾರ್ಡಿನ ಜೆರಾಕ್ಸು, ಆದಾಯ ಪ್ರಮಾಣಪತ್ರ ಹಿಡಿದು ತಾಲ್ಲೂಕು ಕಚೇರಿಗೆ ಹೋಗತಕ್ಕದ್ದು. ಅಲ್ಲಿ ಸರ್ವರ್ ಇಲ್ಲವೆಂದರೆ ಮತ್ತೊಂದು ದಿನ ಹೋಗತಕ್ಕದ್ದು. ಹೋದ ದಿನಗಳ ಸಂಬಳ ಖೋತಾ ಆಗುತ್ತದೆ. ಬೇಕಾದಷ್ಟು ಸಲ ಹೋದರೆ ವರಮಾನ ಗೆರೆಯ ಕೆಳಗಿಳಿದು ತಾನಾಗಿಯೇ ಅರ್ಹತೆ ಸಿದ್ಧಿಸುವುದು.